ನಿಂಬೆಹಣ್ಣು ಇಡುವ ಮುನ್ನ

ಹೊಸ ವಾಹನವು ಮನೆಯ ಬಾಗಿಲಿಗೆ ಬಂದಾಗ ನಮ್ಮವರು ಅದಕ್ಕೆ ಹೂಮಾಲೆ ತೊಡಿಸಿ, ಅರಿಸಿನ ಕುಂಕುಮವಿಟ್ಟು, ಕರ್ಪೂರ ಬೆಳಗಿ, ನಾಲ್ಕು ಗಾಲಿಗಳ ಕೆಳಗೂ ಒಂದೊಂದು ನಿಂಬೆಹಣ್ಣನ್ನು ಇರಿಸುತ್ತಾರೆ. ಗಾಡಿ ಮೆಲ್ಲನೆ ಮುಂದಕ್ಕೆ ಸರಿದು ಹಣ್ಣುಗಳು ಪಚ್ಚನೆ ಒಡೆದರೆ, ನೋಡುತ್ತ ನಿಂತ ಅಜ್ಜಿಯ ಮುಖದಲ್ಲಿ ನೆಮ್ಮದಿ ಮೂಡುತ್ತದೆ. ಅಮೆರಿಕ ದೇಶದಲ್ಲಿಯೂ ಮೋಟಾರು ಗಾಡಿಗೂ ನಿಂಬೆಹಣ್ಣಿಗೂ ಸಂಬಂಧವುಂಟು. ಆದರೆ ಅಲ್ಲಿ ಹಣ್ಣು ಗಾಲಿಯ ಕೆಳಗೆ ಇರುವುದಿಲ್ಲ, ಗಾಡಿಯೇ ಹಣ್ಣಾಗಿರುತ್ತದೆ. ಹೊರಗೆ ಥಳಥಳಿಸುತ್ತ, ಒಳಗೆ ಹುಳಿ ತುಂಬಿಕೊಂಡು, ಕೊಂಡವನ ಮುಖವನ್ನು ಕಿವುಚಿಸುವ ಕೆಟ್ಟ ಕಾರಿಗೆ ಅಲ್ಲಿಯ ಆಡುಮಾತಿನಲ್ಲಿ ‘ಲೆಮನ್’ ಎಂದು ಹೆಸರು.

ಬೀದಿಯ ಈ ಮಾತನ್ನು ಅರ್ಥಶಾಸ್ತ್ರದ ಗ್ರಂಥಭಂಡಾರಕ್ಕೆ ಸೇರಿಸಿದವರು ಜಾರ್ಜ್ ಅಕರ್ಲಾಫ್ ಎಂಬ ವಿದ್ವಾಂಸರು. ‘ದಿ ಮಾರ್ಕೆಟ್ ಫಾರ್ ಲೆಮನ್ಸ್’ ಎಂಬ ಅವರ ಲೇಖನವನ್ನು ಮೂರು ವಿದ್ವತ್ಪತ್ರಿಕೆಗಳು ಒಂದಾದ ಮೇಲೊಂದು ಹಿಂದಿರುಗಿಸಿದವು. ೧೯೭೦ರಲ್ಲಿ ನಾಲ್ಕನೆಯದು ಅಚ್ಚು ಮಾಡಿತು. ೨೦೦೧ರಲ್ಲಿ ಅವರು ಮತ್ತಿಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು. ಲೇಖನದ ಸಾರವು ಸಂತೆಗೆ ಹೋಗುವ ಯಾವ ಗೃಹಿಣಿಗೂ ತಿಳಿಯುವಂಥದು. ಹಳೆಯ ಕಾರನ್ನು ಮಾರುವವನಿಗೆ ಅದರ ಗುಣಾವಗುಣಗಳು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದಕಾರಣ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಣ ಒಂದು ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ತನ್ನ ಒಳ್ಳೆಯ ಗಾಡಿಯನ್ನು ಕೊಡಲೊಲ್ಲದೆ ಪ್ರಾಮಾಣಿಕನು ಸಂತೆಯಿಂದ ಎದ್ದುಹೋಗುತ್ತಾನೆ. ಉಳಿದವುಗಳಲ್ಲಿ ಕೆಟ್ಟವೇ ಹೆಚ್ಚಾಗುತ್ತವೆ. ಬೆಲೆ ಇನ್ನೂ ಇಳಿಯುತ್ತದೆ. ಇನ್ನಷ್ಟು ಒಳ್ಳೆಯವರು ಎದ್ದುಹೋಗುತ್ತಾರೆ. ಹೀಗೆ ಅಜ್ಞಾನವು ಕೊಳ್ಳುವವನನ್ನು ಮಾತ್ರವೇ ಸುಡದೆ, ಸತ್ಯವಂತನಾದ ಮಾರಾಟಗಾರನನ್ನೂ ಸುಡುತ್ತದೆ. ವಾಚಕರು ಈ ಎರಡನೆಯ ಮಾತನ್ನು ನೆನಪಿನಲ್ಲಿಡಬೇಕೆಂದು ನನ್ನ ಬೇಡಿಕೆ. ಈ ವಾರದ ಅಂಕಣವೆಲ್ಲ ಅದರ ಮೇಲೆಯೇ ನಿಂತಿದೆ.

ಕನ್ನಡದ ಮೇಷ್ಟರಿಗೆ ಅಮೆರಿಕದ ಹಳೆಯ ಕಾರುಗಳ ಗೊಡವೆಯೇಕೆಂದು ಯಾರಾದರೂ ಹುಬ್ಬೇರಿಸಬಹುದು. ಕಾರಣವನ್ನು ಹೇಳುತ್ತೇನೆ. ಪಿ.ಯು.ಸಿ. ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿದ ಹುಡುಗನೊಬ್ಬ ಈಗ ಕ್ಯಾಲಿಫೋರ್ನಿಯದಲ್ಲಿ ಇಂಜಿನಿಯರನಾಗಿದ್ದಾನೆ. ತಂದೆಯ ಸಾಲವನ್ನು ತೀರಿಸಿದ್ದಾನೆ. ತಂಗಿಯ ಮದುವೆ ಮಾಡಿದ್ದಾನೆ. ಹತ್ತು ವರ್ಷ ಸಾಧುವಾದೊಂದು ಕಾರಿನಲ್ಲಿ ಓಡಾಡಿ ಹಣ ಕೂಡಿಟ್ಟಿದ್ದಾನೆ. ಬಾಲ್ಯದಲ್ಲಿ ನೋಟುಪುಸ್ತಕದ ಹೊದಿಕೆಯ ಮೇಲೆ ಅಂಟಿಸಿಕೊಂಡಿದ್ದ ಚಿತ್ರವೊಂದು ಅವನ ಮನಸ್ಸಿನಿಂದ ಮಾಸಿಲ್ಲ. ಅದು ಪೋರ್ಷೆ ೯೧೧ ಎಂಬ ಕಾರಿನ ಚಿತ್ರ. ಕಳೆದ ವರ್ಷ ಅವನಿಂದ ಬಂದ ಪತ್ರದಲ್ಲಿ ಹೀಗಿತ್ತು:

“ಸಾರ್, ಇಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ತಮ್ಮ ೨೦೦೩ರ ಬೆಳ್ಳಿಬಣ್ಣದ ಕಾರನ್ನು ಮಾರುತ್ತಿದ್ದಾರೆ. ೬೪,೦೦೦ ಮೈಲಿ ಓಡಿದೆ. ೨೭,೦೦೦ ಡಾಲರು ಕೇಳುತ್ತಾರೆ. ನಾನು ಹೋದಾಗ ಕಾಫಿ, ಕೋಡುಬಳೆ ಕೊಟ್ಟರು. ಊರು ಯಾವುದು, ಯಾರ ಮಗ ಎಂದೆಲ್ಲ ವಿಚಾರಿಸಿದರು. ಇಲ್ಲಿ ಕಾರು ಕೊಳ್ಳುವ ಮೊದಲು ಬೇರೊಬ್ಬ ತಜ್ಞನಿಗೆ ಹಣ ಕೊಟ್ಟು ಪರೀಕ್ಷೆ ಮಾಡಿಸುವ ರೂಢಿಯಿದೆ. ನನ್ನ ಜೊತೆಯವರೆಲ್ಲ ಮಾಡಿಸು ಎನ್ನುತ್ತಾರೆ. ಆದರೆ ಅಂಕಲ್ ಅವರ ಮುಂದೆ ನಿಂತು ಆ ಮಾತನ್ನು ಹೇಗೆ ಹೇಳಲಿ? ನಿಮ್ಮನ್ನು ನಂಬುವುದಿಲ್ಲ ಎಂದಂತಾಗುವುದಿಲ್ಲವೇ?”

ಪ್ರಶ್ನೆಯು ಕಾರಿನದಲ್ಲ, ದಾಕ್ಷಿಣ್ಯದ್ದು. ದಾಕ್ಷಿಣ್ಯವನ್ನು ಕುರಿತು ನಮ್ಮ ಹಳ್ಳಿಗಳಲ್ಲಿ ಒಂದು ಗಾದೆಯುಂಟು. ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದಲ್ಲ. ಬಲ್ಲವರು ನೆನೆದುಕೊಂಡು ನಗಲಿ, ಅರಿಯದವರು ಮನೆಯ ಹಿರಿಯರನ್ನು ಕೇಳಲಿ. ಹುಡುಗನಿಗೆ ನಾನು ಬೇರೊಂದು ಗಾದೆಯನ್ನು ಬರೆದು ಕಳುಹಿಸಿದೆ: ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಬಾರದು.

ನಮ್ಮ ರೈತನಿಗೆ ಇಂಥ ಸಂಕೋಚವಿಲ್ಲ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ಕಂಡಿರಬಹುದು. ಎತ್ತು ಕೊಳ್ಳಲು ಬಂದವನು ಮಾರುವವನೊಡನೆ ಎಲೆಯಡಿಕೆ ಹಂಚಿಕೊಳ್ಳುತ್ತಾನೆ, ಮಳೆ ಬೆಳೆಯ ಮಾತಾಡುತ್ತಾನೆ. ಆ ಬಳಿಕ ಎದ್ದು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ಎಣಿಸುತ್ತಾನೆ. ಸುಳಿ ನೋಡುತ್ತಾನೆ, ಗೊರಸು ಎತ್ತಿಸುತ್ತಾನೆ, ನಡೆಸಿ ನೋಡುತ್ತಾನೆ. ಪಕ್ಕದಲ್ಲಿ ದನ ಬಲ್ಲ ಇನ್ನೊಬ್ಬ ನಿಂತಿರುತ್ತಾನೆ. ಮಾರುವವನು ಇದರಿಂದ ಮುನಿಯುವುದಿಲ್ಲ. ಹಲ್ಲು ನೋಡದೆ ಹಗ್ಗ ಹಿಡಿದವನನ್ನೇ ಅವನು ಅಚ್ಚರಿಯಿಂದ ನೋಡುವನು. ಎಲೆಯಡಿಕೆಗೂ ಹಲ್ಲಿನ ಪರೀಕ್ಷೆಗೂ ವಿರೋಧವಿಲ್ಲವೆಂಬುದನ್ನು ಆ ಬಯಲಿನಲ್ಲಿ ಎಲ್ಲರೂ ಬಲ್ಲರು. ವಿರೋಧವನ್ನು ಕಲ್ಪಿಸಿಕೊಂಡವರು ಓದು ಬರಹ ಕಲಿತು ಪಟ್ಟಣ ಸೇರಿದ ನಾವು.

ಹುಡುಗನು ಧೈರ್ಯ ತಂದುಕೊಂಡು ಕೇಳಿದನು. ಹಿರಿಯರು ಕ್ಷಣಕಾಲ ಸುಮ್ಮನಿದ್ದು, “ಆಗಲಪ್ಪ, ಎಲ್ಲಿಗೆ ಕೊಂಡೊಯ್ಯಬೇಕೋ ಹೇಳು” ಎಂದರಂತೆ. ಆ ಕ್ಷಣಕಾಲದ ಮೌನ ಅವನನ್ನು ಎರಡು ರಾತ್ರಿ ನಿದ್ದೆಗೆಡಿಸಿತು.

ಮುಂದೆ ನಡೆದುದನ್ನು ತಿಳಿಯುವ ಮುನ್ನ ಈ ಕಾರಿನ ಮಹಿಮೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಜರ್ಮನಿಯ ಈ ಗಾಡಿಯು ೧೯೬೩ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಾಗ ಅದರ ಹೆಸರು ೯೦೧. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನವೆಂದು ಫ್ರಾನ್ಸಿನ ಪೆಜೋ ಸಂಸ್ಥೆಯು ಆಕ್ಷೇಪಿಸಿದ್ದರಿಂದ ಸೊನ್ನೆ ಹೋಗಿ ಒಂದು ಬಂದಿತು. ಇದರ ಇಂಜಿನು ಮುಂದಿಲ್ಲ, ಹಿಂದಿನ ಗಾಲಿಗಳಿಗೂ ಹಿಂದೆ ಇದೆ. ಆರು ಸಿಲಿಂಡರುಗಳು ಎಡಕ್ಕೆ ಮೂರು, ಬಲಕ್ಕೆ ಮೂರು, ಎದುರುಬದುರಾಗಿ ಮಲಗಿವೆ. ಮೂವತ್ತಕ್ಕೂ ಹೆಚ್ಚು ವರ್ಷ ಗಾಳಿಯಿಂದಲೇ ತಂಪಾಗುತ್ತಿದ್ದ ಆ ಇಂಜಿನು, ೧೯೯೭ರಲ್ಲಿ ಹೊರಬಂದ ‘೯೯೬’ ಎಂಬ ಪೀಳಿಗೆಯಿಂದ ನೀರಿನ ತಂಪಿಗೆ ಬದಲಾಯಿತು. ಹುಡುಗನು ಮನಸ್ಸಿಟ್ಟಿದ್ದ ಗಾಡಿ ಈ ಪೀಳಿಗೆಯದು. ಹಳೆಯ ರಸಿಕರು ಇದರ ದೀಪಗಳ ಆಕಾರವನ್ನು ಹುರಿದ ಮೊಟ್ಟೆಗೆ ಹೋಲಿಸಿ ಹಾಸ್ಯ ಮಾಡಿದರು. ೯೧೧ರ ಬಳಗದಲ್ಲಿ ಇದರ ಬೆಲೆ ಬಹುಕಾಲ ಕೆಳಗೇ ಇದ್ದಿತು. ಆದಕಾರಣವೇ ಸಂಬಳದಿಂದ ಬದುಕುವ ಕನಸುಗಾರರು ಹೆಚ್ಚಾಗಿ ಇದರ ಬಾಗಿಲನ್ನು ತಟ್ಟುತ್ತಾರೆ.

ಇಂಥ ಗಾಡಿಯನ್ನು ಕೊಳ್ಳುವವನ ಸ್ಥಿತಿಯು ಸಾಮಾನ್ಯ ಕಾರು ಕೊಳ್ಳುವವನಂಥದಲ್ಲ. ಅಕ್ಕಿ ಕೊಳ್ಳುವವನು ಕಲ್ಲು ಹುಡುಕುತ್ತಾನೆ. ವಿಗ್ರಹ ಕೊಳ್ಳುವವನು ಕೈಮುಗಿಯುತ್ತಾನೆ. ಇಪ್ಪತ್ತು ವರ್ಷ ಕನಸಿನಲ್ಲಿ ಕಂಡದ್ದು ಕಣ್ಣೆದುರು ನಿಂತಾಗ ಕಣ್ಣಿಗೆ ದೋಷ ಕಾಣಿಸುವುದೇ ಇಲ್ಲ. ಇಂಜಿನು ಗುಡುಗಿದರೆ ಹೃದಯವೂ ಗುಡುಗುತ್ತದೆ. ಅದು ಗುಡುಗೋ ಗೊಗ್ಗರವೋ ಎಂದು ವಿವೇಚಿಸುವವರು ಯಾರು? ತಂದೆಯು ತನ್ನ ಮಗನ ಉತ್ತರಪತ್ರಿಕೆಯನ್ನು ತಿದ್ದಬಾರದೆಂದು ವಿಶ್ವವಿದ್ಯಾನಿಲಯಗಳು ನಿಯಮ ಮಾಡಿವೆ. ತಂದೆ ಸುಳ್ಳನೆಂದಲ್ಲ, ಪ್ರೀತಿಯು ಕೆಟ್ಟ ಮೌಲ್ಯಮಾಪಕನೆಂದು. ಪರೀಕ್ಷಕನು ಮೂರನೆಯವನಾಗಿರಬೇಕು. ಮಾರುವವನ ಮೆಕ್ಯಾನಿಕ್ಕಾಗಿರಬಾರದು, ಕೊಳ್ಳುವವನ ಗೆಳೆಯನೂ ಆಗಿರಬಾರದು. ವ್ಯಾಪಾರ ಕುದುರಿದರೂ ಮುರಿದರೂ ಅವನ ಕೂಲಿ ಅಷ್ಟೇ ಇರಬೇಕು. ಮೇಲಾಗಿ, ಅದೇ ಜಾತಿಯ ಗಾಡಿಗಳನ್ನು ನಿತ್ಯ ಬಿಚ್ಚಿ ಜೋಡಿಸುವವನಾಗಿರಬೇಕು. ಕಣ್ಣಿನ ರೋಗಕ್ಕೆ ಹಲ್ಲಿನ ವೈದ್ಯನಲ್ಲಿಗೆ ಹೋಗುವುದುಂಟೇ?

ಹುಡುಗನು ೪೫೦ ಡಾಲರು ತೆತ್ತು ಅಂಥ ಒಬ್ಬನನ್ನು ಗೊತ್ತುಮಾಡಿದನು. ಪರೀಕ್ಷೆಯ ವರದಿ ಚಿತ್ರಗಳ ಸಹಿತ ನನ್ನ ಬಳಿಗೂ ಬಂದಿತು. ಓದುತ್ತ ಹೋದಂತೆ ನನಗೆ ಗ್ರಂಥಸಂಪಾದನೆಯ ಕೆಲಸವೇ ನೆನಪಾಯಿತು. ಓಲೆಯ ಪ್ರತಿಯನ್ನು ಮುಂದಿಟ್ಟುಕೊಂಡ ಸಂಪಾದಕನು ಯಾವುದು ಮೂಲ, ಯಾವುದು ಪ್ರಕ್ಷಿಪ್ತ, ಎಲ್ಲಿ ಲಿಪಿಕಾರನ ಕೈ ಬದಲಾಯಿತು ಎಂದು ಹುಡುಕುವಂತೆಯೇ ಆ ಮನುಷ್ಯನು ಕಾರನ್ನು ಓದಿದ್ದನು.

ಅವನ ಮೊದಲ ನಿಬಂಧನೆಯೇ ಸೊಗಸಾಗಿತ್ತು. ಗಾಡಿಯನ್ನು ಹಿಂದಿನ ಸಂಜೆಯೇ ತಂದು ಬಿಡಬೇಕು, ಬೆಳಿಗ್ಗೆ ತಾನು ಬರುವವರೆಗೆ ಯಾರೂ ಇಂಜಿನನ್ನು ಚಾಲೂ ಮಾಡಕೂಡದು. ಬೆಚ್ಚಗಾದ ಇಂಜಿನು ಸಭೆಗೆ ಬಂದ ಮನುಷ್ಯನಂತೆ ಸಭ್ಯವಾಗಿರುತ್ತದೆ. ತಣ್ಣಗಿರುವುದು ಆಗತಾನೆ ಎದ್ದವನಂತೆ ನಿಜಸ್ವರೂಪವನ್ನು ತೋರುತ್ತದೆ. ಸರಪಣಿಯ ಕಟಕಟ, ನೀಲಿಹೊಗೆ, ಕೆಟ್ಟ ಬ್ಯಾಟರಿಯ ಏದುಸಿರು ಎಲ್ಲವೂ ಮೊದಲ ನಿಮಿಷದಲ್ಲಿಯೇ ಹೊರಬೀಳುತ್ತವೆ.

ಬಳಿಕ ಮೈಯ ಪರೀಕ್ಷೆ. ಬಣ್ಣದ ದಪ್ಪವನ್ನು ಅಳೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣವುಂಟು. ಕಾರ್ಖಾನೆಯ ಬಣ್ಣವು ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಅದರ ಇಮ್ಮಡಿ, ಮುಮ್ಮಡಿ ಬಂದರೆ ಮತ್ತೆ ಬಣ್ಣ ಬಳಿದಿದ್ದಾರೆಂದು ಅರ್ಥ. ಸಾವಿರ ದಾಟಿದರೆ ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದಾರೆಂದು ತಿಳಿಯಬೇಕು. ಹಿರಿಯರ ಕಾರಿನ ಮೈಯೆಲ್ಲ ನೂರಿಪ್ಪತ್ತರ ಸುತ್ತ ಇದ್ದು, ಎಡಗಡೆಯ ಮುಂದಿನ ಮಡ್ಗಾರ್ಡಿನ ಮೇಲೆ ಮಾತ್ರ ೩೪೦ ತೋರಿಸಿತು. ಒಳಗೆ ನೋಡಿದರೆ ಅದನ್ನು ಹಿಡಿದ ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರಿನ ಗೀರು. ಯಾವ ಕಾಲದಲ್ಲೋ ಏಟು ಬಿದ್ದು ರಿಪೇರಿಯಾಗಿತ್ತು. ಆದರೆ ಗಾಡಿಯ ಹದಿನೇಳು ಅಕ್ಷರಾಂಕಗಳ ಗುರುತಿನಿಂದ ತರಿಸಿದ ಚರಿತ್ರೆಯ ಪತ್ರದಲ್ಲಿ ಅಪಘಾತದ ಸುದ್ದಿಯೇ ಇರಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಆ ಪತ್ರವು ವರದಿಯಾದುದನ್ನು ಮಾತ್ರವೇ ಬಲ್ಲದು. ವಿಮೆಗೆ ಹೇಳದೆ ಕೈಯಿಂದ ಹಣ ಕೊಟ್ಟು ಮಾಡಿಸಿದ ರಿಪೇರಿಯು ಅದಕ್ಕೆ ಗೊತ್ತಾಗದು. ಇನ್ನೊಂದು ವಿಷಯ: ೧೯೭೬ರ ಮಾದರಿಯಿಂದ ಈಚೆಗೆ ೯೧೧ರ ಉಕ್ಕಿನ ಮೈಗೆ ಸತುವಿನ ಲೇಪವುಂಟು. ಆದ್ದರಿಂದ ಈಚಿನ ಗಾಡಿಯಲ್ಲಿ ಎಲ್ಲಿಯಾದರೂ ತುಕ್ಕು ಕಂಡರೆ, ಅದನ್ನು ವಯಸ್ಸಿನ ಲಕ್ಷಣವೆಂದು ಬಿಡದೆ ಹಳೆಯ ಗಾಯವೇನಾದರೂ ಇದೆಯೇ ಎಂದು ನೋಡಬೇಕಂತೆ. ಹಿರಿಯರ ಗಾಡಿಯಲ್ಲಿ ತುಕ್ಕಿರಲಿಲ್ಲ. ಒಳಗಿನ ಚೌಕಟ್ಟು ನೆಟ್ಟಗಿತ್ತು.

ಟೈರುಗಳಿಗೂ ಹಲ್ಲಿನ ಎಣಿಕೆಯುಂಟು. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಮುಂದಿನ ಜೋಡಿಯ ಮೇಲೆ ೧೮೧೫ ಎಂದಿತ್ತು, ಅಂದರೆ ೨೦೧೫ನೆಯ ಇಸವಿಯ ಹದಿನೆಂಟನೆಯ ವಾರ. ಇಂಜಿನಿನ ಭಾರವೆಲ್ಲ ಹಿಂದಿರುವುದರಿಂದ ಈ ಗಾಡಿಯ ಹಿಂದಿನ ಟೈರುಗಳು ಬೇಗ ಸವೆಯುತ್ತವೆ, ಬೇಗ ಬದಲಾಗುತ್ತವೆ. ಮುಂದಿನವು ಸವೆಯದೆ ಉಳಿದು, ನೋಟಕ್ಕೆ ಹೊಸದರಂತಿದ್ದು, ರಬ್ಬರು ಒಳಗೇ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮಳೆಯಲ್ಲಿ ಎಪ್ಪತ್ತು ಮೈಲಿ ವೇಗದಲ್ಲಿ ಬ್ರೇಕು ಒತ್ತಿದಾಗಲೇ ಅದರ ವಯಸ್ಸು ತಿಳಿಯುವುದು. ಹಣಕ್ಕಿಂತ ದೊಡ್ಡದೊಂದು ಈ ಪರೀಕ್ಷೆಯಲ್ಲಿ ಅಡಗಿದೆಯೆಂದು ನನಗೆ ಹೊಳೆದದ್ದು ಈ ಸಾಲನ್ನು ಓದಿದಾಗ.

ಇನ್ನು ಹೃದಯದ ಪರೀಕ್ಷೆ. ಒಂದೊಂದು ಸಿಲಿಂಡರಿನ ಒಳಗೂ ಗಾಳಿಯನ್ನು ಒತ್ತಡದಿಂದ ತುಂಬಿ, ಎಷ್ಟು ಸೋರುತ್ತದೆಂದು ಅಳೆಯುತ್ತಾರೆ. ಎಷ್ಟು ಎನ್ನುವುದಕ್ಕಿಂತ ಎಲ್ಲಿಂದ ಎನ್ನುವುದು ಮುಖ್ಯ. ಹೊಗೆಕೊಳವೆಯಲ್ಲಿ ಸುಯ್ಯೆಂದರೆ ಹೊರಹೋಗುವ ವಾಲ್ವಿನ ದೋಷ. ಗಾಳಿ ಸೇದುವ ಬಾಯಲ್ಲಿ ಕೇಳಿಸಿದರೆ ಒಳಬರುವ ವಾಲ್ವಿನದು. ಎಣ್ಣೆ ಹೊಯ್ಯುವ ಬಾಯಲ್ಲಿ ನಿಟ್ಟುಸಿರು ಬಂದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ. ತಂಪಿನ ನೀರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು ಹೋಗಿದೆ. ವೈದ್ಯನು ಎದೆಗೆ ಕಿವಿಗೊಟ್ಟು ಕೇಳುವುದಕ್ಕೂ ಇದಕ್ಕೂ ಏನು ಭೇದ?

ಈ ಪೀಳಿಗೆಯ ಗಾಡಿಗಳಿಗೆ ಬಹಿರಂಗವಾದೊಂದು ಅಪಕೀರ್ತಿಯುಂಟು. ಅದನ್ನು ಅರಿಯದ ಪರೀಕ್ಷಕನಿಂದ ಪ್ರಯೋಜನವಿಲ್ಲ. ಇಂಜಿನಿನೊಳಗೆ ವಾಲ್ವುಗಳ ಚಲನೆಗೆ ತಾಳ ಹಾಕುವ ಮಧ್ಯದ ಶಾಫ್ಟೊಂದಿದೆ. ಅದರ ಒಂದು ತುದಿಯನ್ನು ಮುಚ್ಚಿದ ಬಾಲ್ ಬೇರಿಂಗೊಂದು ಹೊತ್ತಿರುತ್ತದೆ. ಅದು ಸವೆದು ಮುರಿದರೆ ತಾಳ ತಪ್ಪಿ, ವಾಲ್ವುಗಳೂ ಪಿಸ್ಟನ್ನುಗಳೂ ಒಂದಕ್ಕೊಂದು ಬಡಿದು, ಇಡೀ ಇಂಜಿನು ಕ್ಷಣದಲ್ಲಿ ಹಾಳಾಗುತ್ತದೆ. ಎಲ್ಲ ಗಾಡಿಗಳಿಗೂ ಹೀಗಾಗುವುದಿಲ್ಲ. ಆದರೆ ೨೦೦೧ರಿಂದ ೨೦೦೫ರವರೆಗಿನ ಮಾದರಿಗಳನ್ನು ಕುರಿತು ಅಮೆರಿಕದಲ್ಲಿ ಮಾಲೀಕರು ಹೂಡಿದ ಸಾಮೂಹಿಕ ದಾವೆಯು ೨೦೧೩ರಲ್ಲಿ ರಾಜಿಯಲ್ಲಿ ಮುಗಿಯುವಷ್ಟರ ಮಟ್ಟಿಗೆ ಅದು ಪ್ರಸಿದ್ಧವಾಯಿತು. ಗೇರಿನ ಪೆಟ್ಟಿಗೆಯನ್ನು ಇಳಿಸದೆ ಈ ಬೇರಿಂಗು ಕಣ್ಣಿಗೆ ಬೀಳದು. ಹೀಗಾಗಿ ಪರೀಕ್ಷಕನು ಎಣ್ಣೆಯ ಫಿಲ್ಟರನ್ನು ಬಿಚ್ಚಿ ಮಡಿಕೆಗಳಲ್ಲಿ ಲೋಹದ ಮಿನುಗು ಇದೆಯೇ ಎಂದು ಹುಡುಕುತ್ತಾನೆ, ಆಯಸ್ಕಾಂತಕ್ಕೆ ಕಣ ಅಂಟುವುದೇ ಎಂದು ನೋಡುತ್ತಾನೆ. ಹಿರಿಯರ ಗಾಡಿಯ ಫಿಲ್ಟರು ಶುಭ್ರವಾಗಿತ್ತು. ಅಷ್ಟೇ ಅಲ್ಲ, ಐದು ವರ್ಷಗಳ ಹಿಂದೆ ಕ್ಲಚ್ಚು ಬದಲಿಸುವಾಗ ಆ ಬೇರಿಂಗನ್ನೂ ಬದಲಿಸಿದ ರಸೀದಿಯನ್ನು ಹಿರಿಯರು ಜೋಪಾನವಾಗಿ ಇಟ್ಟಿದ್ದರು. ಹಳೆಯ ಗಾಡಿಗೆ ರಸೀದಿಯ ಕಟ್ಟೇ ಜಾತಕ.

ಕೊನೆಯದಾಗಿ, ಗಾಡಿಯೇ ತನ್ನ ದಿನಚರಿಯನ್ನು ಬರೆದಿಡುತ್ತದೆಂಬ ಸಂಗತಿ. ಇಂಜಿನನ್ನು ಆಳುವ ಗಣಕಪೆಟ್ಟಿಗೆಯು ತಾನು ಒಟ್ಟು ಎಷ್ಟು ಗಂಟೆ ದುಡಿದೆನೆಂಬುದನ್ನೂ, ವೇಗದ ಮಿತಿ ಮೀರಿ ಎಷ್ಟು ಸಲ ಕಿಡಿ ಹಾರಿತೆಂಬುದನ್ನೂ, ಅದು ಕೊನೆಯ ಸಲ ನಡೆದುದು ಎಷ್ಟನೆಯ ಗಂಟೆಯಲ್ಲಿ ಎಂಬುದನ್ನೂ ಬರೆದಿರಿಸುತ್ತದೆ. ಇಲ್ಲಿ ಎರಡು ಲೆಕ್ಕಗಳುಂಟು. ಮೊದಲನೆಯದು, ಮೈಲಿಯನ್ನು ಗಂಟೆಯಿಂದ ಭಾಗಿಸುವುದು. ೬೪,೦೦೦ ಮೈಲಿಯನ್ನು ೨,೦೦೦ ಗಂಟೆಯಿಂದ ಭಾಗಿಸಿದರೆ ಸರಾಸರಿ ವೇಗ ೩೨ ಮೈಲಿ. ಊರಿನಲ್ಲೂ ಹೆದ್ದಾರಿಯಲ್ಲೂ ಓಡಿದ ಗಾಡಿಗೆ ಇದು ಒಪ್ಪುವ ಉತ್ತರ. ಹತ್ತೋ ಹನ್ನೆರಡೋ ಬಂದಿದ್ದರೆ, ಯಾರೋ ಮೈಲಿಯ ಅಂಕಿಗಳನ್ನು ತಿದ್ದಿದ್ದಾರೆಂದು ಅನುಮಾನಿಸಬೇಕು.

ಎರಡನೆಯ ಲೆಕ್ಕ ಇನ್ನೂ ಸ್ವಾರಸ್ಯಕರ. ಚಾಲಕನು ಪೆಡಲನ್ನು ಎಷ್ಟೇ ತುಳಿದರೂ ಇಂಜಿನು ಮಿತಿ ಮೀರದಂತೆ ಗಣಕವು ತಡೆಯುತ್ತದೆ. ಆದರೆ ಮೇಲಿನ ಗೇರಿಗೆ ಹಾಕಬೇಕಾದಲ್ಲಿ ತಪ್ಪಿ ಕೆಳಗಿನ ಗೇರಿಗೆ ಹಾಕಿದರೆ, ಗಾಲಿಗಳೇ ಇಂಜಿನನ್ನು ಎಳೆದು ಹುಚ್ಚುವೇಗದಲ್ಲಿ ತಿರುಗಿಸುತ್ತವೆ. ಆಗ ಗಣಕವು ತಡೆಯಲಾರದು, ಬರೆದುಕೊಳ್ಳುವುದಷ್ಟೇ ಅದರ ಕೈಯಲ್ಲಿರುವುದು. ಆರು ಸಿಲಿಂಡರುಗಳ ಇಂಜಿನು ನಿಮಿಷಕ್ಕೆ ೭,೫೦೦ ಸುತ್ತು ಸುತ್ತುವಾಗ ಸೆಕೆಂಡಿಗೆ ೩೭೫ ಸಲ ಕಿಡಿ ಹಾರುತ್ತದೆ. ಹಿರಿಯರ ಗಾಡಿಯ ದಿನಚರಿಯಲ್ಲಿ ಮಿತಿ ಮೀರಿದ ಕಿಡಿಗಳು ೧೮೦. ಅಂದರೆ ಸುಮಾರು ಅರ್ಧ ಸೆಕೆಂಡಿನ ಒಂದು ತಪ್ಪು. ಅದು ನಡೆದದ್ದು ೭೧೨ನೆಯ ಗಂಟೆಯಲ್ಲಿ. ಹಿರಿಯರು ಈ ಗಾಡಿಯನ್ನು ಕೊಂಡಾಗಲೇ ಅದು ೪೧,೦೦೦ ಮೈಲಿ ಓಡಿತ್ತೆಂದು ರಸೀದಿಗಳು ಹೇಳುತ್ತಿದ್ದವು. ಅಂದರೆ ಸಾವಿರದ ಇನ್ನೂರು ಗಂಟೆಯಾದರೂ ಕಳೆದಿತ್ತು. ಆ ಅರ್ಧ ಸೆಕೆಂಡಿನ ಅಪರಾಧ ಹಿರಿಯರದಲ್ಲ, ಅವರಿಗಿಂತ ಹಿಂದಿನವನದು. ಅದಾದ ಬಳಿಕ ಸಾವಿರಕ್ಕೂ ಮಿಕ್ಕಿದ ಗಂಟೆಗಳನ್ನು ಇಂಜಿನು ಕೊರಗಿಲ್ಲದೆ ಓಡಿತ್ತು.

ವಾಚಕರು ಗಮನಿಸಬೇಕು. ಯಾವ ಪರೀಕ್ಷೆಯಿಂದ ಹಿರಿಯರಿಗೆ ಅವಮಾನವಾಗುವುದೆಂದು ಹುಡುಗನು ಅಂಜಿದ್ದನೋ, ಆ ಪರೀಕ್ಷೆಯೇ ಅವರ ಸಾಕ್ಷಿಯಾಗಿ ನಿಂತಿತು. ಅವರು ಗಾಡಿಯನ್ನು ಹಿಂಸಿಸಿರಲಿಲ್ಲ, ಅಂಕಿಗಳನ್ನು ತಿದ್ದಿರಲಿಲ್ಲ, ಮಾಡಿಸಬೇಕಾದುದನ್ನು ಮಾಡಿಸಿದ್ದರು. “ನಾನು ಒಳ್ಳೆಯವನು” ಎಂದು ಮಾರುವವನು ಬಾಯಿಂದ ಹೇಳಿದರೆ ಅದಕ್ಕೆ ಬೆಲೆಯಿಲ್ಲ, ಏಕೆಂದರೆ ಕೆಟ್ಟವನೂ ಅದನ್ನೇ ಹೇಳುತ್ತಾನೆ. ಕೆಟ್ಟವನು ಕೊಡಲಾರದ, ಒಳ್ಳೆಯವನು ಮಾತ್ರ ಕೊಡಬಲ್ಲ ಆಧಾರವೊಂದು ಬೇಕು. ಮೂರನೆಯವನ ಮುಂದೆ ಗಾಡಿಯನ್ನು ಬಿಚ್ಚಿಟ್ಟು ನಿಲ್ಲುವುದೇ ಆ ಆಧಾರ. ಅಕರ್ಲಾಫರ ಸಂತೆಯಿಂದ ಎದ್ದುಹೋಗುತ್ತಿದ್ದ ಸತ್ಯವಂತನನ್ನು ಕೈಹಿಡಿದು ಕೂರಿಸುವ ಉಪಾಯ ಇದು.

ಮಡ್ಗಾರ್ಡಿನ ಮಾತು ಉಳಿಯಿತಷ್ಟೆ? ವರದಿಯನ್ನು ಹುಡುಗನು ಹಿರಿಯರಿಗೂ ತೋರಿಸಿದನು. ಹಣ ಕೊಟ್ಟವನು ಅವನು. ತೋರಿಸಲೇಬೇಕೆಂಬ ಕಟ್ಟಳೆಯೇನೂ ಇರಲಿಲ್ಲ. ಅವರು ಎಡಗಡೆಯ ಮಡ್ಗಾರ್ಡಿನ ಪಕ್ಕದಲ್ಲಿ ಬಹಳ ಹೊತ್ತು ನಿಂತು, ಕೈಯಿಂದ ಸವರಿ, “ಇಷ್ಟು ವರ್ಷ ಭಾನುವಾರ ಭಾನುವಾರ ನಾನೇ ತೊಳೆದಿದ್ದೇನೆ, ನನಗೆ ಗೊತ್ತೇ ಆಗಲಿಲ್ಲವಲ್ಲಪ್ಪ” ಎಂದರಂತೆ. ಅವರು ಕೊಂಡಾಗ ಯಾವ ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಮಾರಿದವನು ಬಹಳ ಒಳ್ಳೆಯ ಮಾತಿನವನಾಗಿದ್ದನು. ಮುಂದಿನ ಟೈರುಗಳ ಮತ್ತು ಕೆಲವು ಸವೆದ ರಬ್ಬರು ಭಾಗಗಳ ವೆಚ್ಚವನ್ನೂ, ಹಳೆಯ ಏಟಿಗಾಗಿ ಸ್ವಲ್ಪವನ್ನೂ ಕಳೆದು ೨೫,೨೦೦ ಡಾಲರಿಗೆ ಮಾತಾಯಿತು. ೪೫೦ ಡಾಲರಿನ ವೆಚ್ಚಕ್ಕೆ ೧,೮೦೦ ಡಾಲರಿನ ಉಳಿತಾಯವೆಂದು ಹುಡುಗನು ಹಿಗ್ಗಿ ಬರೆದನು. ನಾನು ಹಾಗೆ ಲೆಕ್ಕ ಹಾಕಬೇಡವೆಂದೆ. ಬೆಲೆಯಲ್ಲಿ ಒಂದು ಕಾಸೂ ಇಳಿಯದಿದ್ದರೂ, ಗಾಡಿಯನ್ನು ಬಿಟ್ಟುಬರಬೇಕಾಗಿ ಬಂದಿದ್ದರೂ, ಆ ೪೫೦ ಡಾಲರು ನಷ್ಟವಲ್ಲ. ‘ಬೇಡ’ ಎಂಬ ಉತ್ತರವೂ ಹಣ ಕೊಟ್ಟು ಕೊಳ್ಳಬೇಕಾದ ವಸ್ತುವೇ. ಮತ್ತು ಅದು ‘ಆಗಲಿ’ ಎಂಬುದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಹುಡುಗನು ಮಾಡಿದ ಇನ್ನೊಂದು ಕೆಲಸವನ್ನು ನಾನು ಮೆಚ್ಚಿದೆ. ವರದಿ ಬರುವುದಕ್ಕೆ ಮುಂಚೆಯೇ ಒಂದು ಹಾಳೆಯಲ್ಲಿ, ಏನೇನು ಕಂಡುಬಂದರೆ ಬಿಟ್ಟುಬರುವೆನೆಂದು ಬರೆದಿಟ್ಟಿದ್ದನು: ಚೌಕಟ್ಟು ಬಾಗಿದ್ದರೆ, ಫಿಲ್ಟರಿನಲ್ಲಿ ಲೋಹ ಸಿಕ್ಕಿದರೆ, ಮೈಲಿಯ ಲೆಕ್ಕ ತಪ್ಪಿದರೆ. ವರದಿ ಬಂದ ಮೇಲೆ ಬರೆದಿದ್ದರೆ ಅವನ ಆಸೆಯು ಲೇಖನಿಯನ್ನು ಹಿಡಿದುಬಿಡುತ್ತಿತ್ತು. ಪರೀಕ್ಷಕನನ್ನು “ಗಾಡಿ ಚೆನ್ನಾಗಿದೆಯೇ?” ಎಂದ ಮಾತ್ರಕ್ಕೆ ಫಲವಿಲ್ಲ, “ಮುಂದಿನ ಎರಡು ವರ್ಷಗಳಲ್ಲಿ ಇದು ನನ್ನಿಂದ ಏನೇನು ಕೇಳುತ್ತದೆ?” ಎಂದು ಕೇಳಬೇಕು. ಈ ಪ್ರಶ್ನೆಗೆ ಅವನು ಪಟ್ಟಿ ಕೊಡುತ್ತಾನೆ. ಆ ಪಟ್ಟಿಯೇ ಗಾಡಿಯ ನಿಜವಾದ ಬೆಲೆ.

ಅಮೆರಿಕದ ಕಾನೂನು ಇದರಲ್ಲಿ ಎಷ್ಟರಮಟ್ಟಿಗೆ ಕೈಹಿಡಿಯುತ್ತದೆಂದು ಕೇಳಬಹುದು. ಹಳೆಯ ಕಾರಿನ ವ್ಯಾಪಾರಿಯು ಪ್ರತಿ ಗಾಡಿಗೂ ಒಂದು ಸೂಚನಾಪತ್ರವನ್ನು ಅಂಟಿಸಬೇಕೆಂಬ ನಿಯಮ ಅಲ್ಲಿ ೧೯೮೫ರಿಂದ ಉಂಟು. ಭರವಸೆಯಿದೆಯೋ, ಇದ್ದಂತೆಯೇ ಕೊಳ್ಳಬೇಕೋ ಎಂಬುದನ್ನು ಅದು ಹೇಳುತ್ತದೆ. ನಿಮ್ಮ ಮೆಕ್ಯಾನಿಕ್ಕಿನಿಂದ ಪರೀಕ್ಷಿಸಬಹುದೇ ಎಂದು ಕೇಳಿರೆಂದು ಬುದ್ಧಿಯನ್ನೂ ಹೇಳುತ್ತದೆ. ಆದರೆ ಮನೆಯವರಿಂದ ಮನೆಯವರಿಗೆ ನಡೆಯುವ ಮಾರಾಟಕ್ಕೆ ಈ ನಿಯಮವಿಲ್ಲ. ಕ್ಯಾಲಿಫೋರ್ನಿಯದಲ್ಲಿ ಮಾರುವವನು ಹೊಗೆಯ ಪ್ರಮಾಣಪತ್ರವನ್ನು ಕೊಡಬೇಕು. ಅದು ಗಾಳಿಯ ಆರೋಗ್ಯಕ್ಕೇ ಹೊರತು ಕೊಳ್ಳುವವನ ಆರೋಗ್ಯಕ್ಕಲ್ಲ. ಸರಕಾರದ ಮುದ್ರೆ ಬಿದ್ದ ಕಾಗದವನ್ನು ಕಂಡೊಡನೆ ಗಾಡಿಯೇ ಗಟ್ಟಿಯೆಂದು ನಂಬುವ ಅಭ್ಯಾಸ ನಮ್ಮಲ್ಲಿಯೂ ಇಲ್ಲದಿಲ್ಲ.

ನಮ್ಮ ವಾಚಕರಲ್ಲಿ ಪೋರ್ಷೆ ಕೊಳ್ಳುವವರು ಎಷ್ಟು ಮಂದಿಯೋ ನಾನರಿಯೆ. ಆದರೆ ಹಳೆಯ ಸ್ಕೂಟರನ್ನೋ, ನಿವೇಶನವನ್ನೋ, ಹೊಲಿಗೆಯ ಯಂತ್ರವನ್ನೋ ನೆಂಟರಿಂದಲೂ ಪರಿಚಿತರಿಂದಲೂ ಕೊಳ್ಳದವರು ವಿರಳ. ಅಂಥ ವ್ಯಾಪಾರ ಕೆಟ್ಟಾಗ ವಸ್ತುವಿನೊಡನೆ ನೆಂಟಸ್ತಿಕೆಯೂ ಕೆಡುತ್ತದೆ. “ಗೊತ್ತಿದ್ದೂ ಕೊಟ್ಟನೋ, ಗೊತ್ತಿಲ್ಲದೆ ಕೊಟ್ಟನೋ” ಎಂಬ ಸಂಶಯದ ಹುಳು ಒಮ್ಮೆ ಒಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದಾಗ ಮುಖ ತಿರುಗಿಸುವಂತೆ ಮಾಡುತ್ತದೆ. ಮೊದಲೇ ಮೂರನೆಯವನನ್ನು ಕರೆದು ತೋರಿಸಿದ್ದರೆ ಸಂಶಯಕ್ಕೆ ಎಡೆಯೇ ಇರುತ್ತಿರಲಿಲ್ಲ. ಪರೀಕ್ಷೆಯು ಸ್ನೇಹಕ್ಕೆ ಅಡ್ಡಿಯೆಂದು ತಿಳಿಯುವವರು ಪರೀಕ್ಷೆಯಿಲ್ಲದೆ ಮುರಿದ ಸ್ನೇಹಗಳನ್ನು ಒಮ್ಮೆ ಎಣಿಸಿ ನೋಡಲಿ.

ಆದುದರಿಂದ ಕೇಳಲು ಅಂಜಬೇಡಿ. ಯಾರಾದರೂ ಕೇಳಿದರೆ ಮುನಿಯಬೇಡಿ. ಮಾರುವ ಸರದಿ ನಿಮ್ಮದಾದಾಗ, ಕೊಳ್ಳಬಂದವನು ಸಂಕೋಚದಿಂದ ತಲೆ ತುರಿಸುತ್ತ ನಿಂತರೆ, ಪರೀಕ್ಷೆಯ ಮಾತನ್ನು ನೀವೇ ಮೊದಲು ಎತ್ತಿ ಅವನ ಭಾರವನ್ನು ಇಳಿಸಿರಿ. ಆಮೇಲೆ ಕಾಫಿ ಕೊಡಿ. ಆ ಕಾಫಿಯನ್ನು ಅವನು ಮನಸ್ಸಿಟ್ಟು ಕುಡಿಯುತ್ತಾನೆ.